ಯಂತ್ರ ಒಪ್ಪದ ಬರಹ

“ಯಾರ್ ಹತ್ರ ಬರೆಸ್ಕೊಂಡ್ ಬಂದ್ಯೇ? ಬೊಗಳು!”

ಮೇಷ್ಟ್ರು ಕಾಗದವನ್ನು ಹುಡುಗಿಯ ಮುಖಕ್ಕೇ ಎಸೆದರು. ಕಾಲೇಜಿನ ಹೊಸ ಕಂಪ್ಯೂಟರ್ ಕೋಣೆಯಲ್ಲಿ ಪ್ರಬಂಧದ ತರಗತಿ ನಡೆದಿತ್ತು. ಬರೆದದ್ದನ್ನು ಮೊದಲು ಯಂತ್ರ ಓದಬೇಕು, ಆಮೇಲೆ ಮೇಷ್ಟ್ರು. ಮೇಷ್ಟ್ರು ಓದುತ್ತಲೇ ಇರಲಿಲ್ಲ ಅನ್ನುವುದು ಬೇರೆ ಮಾತು. ಅವಳ ಪ್ರಬಂಧ ಸ್ವಂತದ್ದಲ್ಲ, ಕಂಪ್ಯೂಟರೇ ಬರೆದುಕೊಟ್ಟದ್ದು ಎಂದು ಯಂತ್ರ ಹೇಳಿಬಿಟ್ಟಿತ್ತು.

“ಆಸ್ಪತ್ರೆ ಬಟ್ಟೆ ಒಗೆಯೋಳ ಮಗಳಿಗೆ ಇಂಥಾ ಮಾತು ಎಲ್ಲಿಂದ ಬರ್ತವೆ?”

“ನಾನೇ ಬರ್ದಿದ್ದು ಸಾರ್. ಅಮ್ಮನ ಜೊತೆ ಬಟ್ಟೆ ಹಿಂಡ್ತಾ ಒಂದೊಂದೇ ಸಾಲು ಹೇಳ್ತೀನಿ. ಅಮ್ಮ ಸುಳ್ಳು ಅಂದಿದ್ದನ್ನ ಬಿಟ್ಟುಬಿಡ್ತೀನಿ.”

“ಓಹೋ, ಪ್ರೊಫೆಸರಮ್ಮ!”

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಮೇಷ್ಟ್ರೆಂಬ ಈ ಪುಣ್ಯಾತ್ಮನಿಗೆ ಕಂಪ್ಯೂಟರ್ ಆನ್ ಮಾಡಿಕೊಡಲು ಇವತ್ತಿಗೂ ಅಟೆಂಡರ್ ಬೇಕು.

“ಕೂತ್ಕೊ. ಎಲ್ಲಾರ ಮುಂದೆ ಬರಿ. ಆಗ್ಲಿಲ್ವಾ, ಸೊನ್ನೆ. ಸೀಟೂ ಇಲ್ಲ.”

ಸೀಟು ಹೋದರೆ ನಾಳೆಯಿಂದ ಅಮ್ಮನ ಪಕ್ಕದ ತೊಟ್ಟಿಯೇ ಗತಿ. ಅವಳು ಕೂತಳು. ಒಂದೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ ಒತ್ತತೊಡಗಿದಳು. ಒತ್ತಿದ್ದೆಲ್ಲ ಗೋಡೆಯ ಬಿಳಿ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿತ್ತು. ಅಭ್ಯಾಸಬಲ, ತುಟಿ ಗುನುಗುತ್ತಿತ್ತು.

“ಬಾಯ್ ಮುಚ್ಕೊಂಡ್ ಬರಿ. ಇದೇನ್ ಒಗೆಯೋ ಕಲ್ಲಾ?”

ಅವಳು ಬರೆದಿದ್ದನ್ನು ಅಳಿಸಿ ಬೇರೆಯದನ್ನೇ ಶುರು ಮಾಡಿದಳು.

“ಹೋದ ತಿಂಗಳು ನಮ್ಮ ಮೇಷ್ಟ್ರು ಆಸ್ಪತ್ರೆಯಲ್ಲಿ ಮಲಗಿದ್ದರು. ಹಾಸಿಗೆಯಲ್ಲೇ ಹೇತುಕೊಂಡರು. ಅಮ್ಮ ಬಟ್ಟೆ ತರಲು ಹೋದಳು. ಮೇಷ್ಟ್ರು ಮೂಗು ಮುಚ್ಚಿಕೊಂಡು, ದೂರ ನಿಲ್ಲು ಅಂದರು. ಅಮ್ಮ ಮೂಗು ಮುಚ್ಚಿಕೊಳ್ಳಲಿಲ್ಲ.”

ನಗುತ್ತಿದ್ದವರೆಲ್ಲ ಮೇಷ್ಟ್ರ ಕಡೆ ತಿರುಗಿದರು.

“ನಿಲ್ಸೇ, ರಂಡೆ!” ಮೇಷ್ಟ್ರು ಓಡಿಬಂದು ವೈರು ಕಿತ್ತರು. ಪರದೆ ಬರಿದಾಯಿತು. “ಸೊನ್ನೆ! ಹೋಯ್ತು ನಿನ್ ಸೀಟು!”

“ಹೋಗ್ಲಿ ಬಿಡಿ ಸಾರ್. ಬರಿ ಅಂದೋರು ನೀವೇ. ಮುಗ್ಸೇ ಹೋಗ್ತೀನಿ.”

ಮೇಜಿನ ಮೇಲಿದ್ದ ದಪ್ಪ ಕಪ್ಪು ಪೆನ್ನು ತೆಗೆದುಕೊಂಡು ಪರದೆಯ ಮೇಲೇ ಬರೆಯತೊಡಗಿದಳು. ಈಗ ಕೈ ಸರಸರ ಓಡಿತು. “ಎರಡು ಸಲ ಬ್ಲೀಚಿನಲ್ಲಿ ನೆನೆಹಾಕಿದರೂ ಆ ಕಲೆ ಹೋಗಲಿಲ್ಲ. ಅಮ್ಮನ ಬೆರಳಿನ ಚರ್ಮ ಹೋಯಿತು.”

ಮೇಷ್ಟ್ರು ಬಾಗಿಲತ್ತ ಅರಚಿದರು. ಅಟೆಂಡರ್ ಒದ್ದೆ ಬಟ್ಟೆ ಹಿಡಿದು ಬಂದ.

“ಒರ್ಸೋ ಅದನ್ನ!”

ಅವನು ಪರದೆಯ ಮುಂದೆ ನಿಂತ. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಲು ಕೈ ಎತ್ತಲಿಲ್ಲ. ಅವಳು ಪೆನ್ನಿನಲ್ಲಿ ಬರೆದ ಮೊದಲ ಸಾಲಿನಿಂದ, ಅಕ್ಷರ ಕೂಡಿಸಿಕೊಂಡು, ಗಟ್ಟಿಯಾಗಿ ಓದತೊಡಗಿದ. ಅವಳು ಮುಂದಿನ ಸಾಲು ಬರೆಯುತ್ತಿದ್ದಳು.