ಕಾರ್ಡಿನ ಬಸುರು

"ಐದು ತಿಂಗಳ ಹೊಟ್ಟೆ ಎಲ್ಲಿ ಬಿಚ್ಚಿಟ್ಟು ಬಂದೆ?" ಎಂದು ಇಲಾಖೆ ಆಸ್ಪತ್ರೆಯ ಕೌಂಟರಿನ ಹೆಂಗಸು ಹಿಂದಿಯಲ್ಲಿ ಕೇಳಿದಳು. ನನ್ನ ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು.

ಅವಳು ಏನು ಹೇಳುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ನನ್ನ ಮುಟ್ಟು ತಪ್ಪಿ ಹದಿನೆಂಟು ದಿನವಾಗಿತ್ತು. ಹೋದ ದುರ್ಗಾಪೂಜೆಯ ಹೊತ್ತಿಗೆ ಒಂದು ಬಸುರು ಹೋಗಿದೆ, ಈ ಸಲ ತಡಮಾಡದೆ ಥೈರಾಯ್ಡೂ ಗರ್ಭ ನಿಲ್ಲಿಸುವ ಹಾರ್ಮೋನೂ ಪರೀಕ್ಷೆ ಮಾಡಿಸಬೇಕು ಎಂದಷ್ಟೇ ನಾನು ಹೇಳಿದ್ದು. ಅವಳು ಕಾರ್ಡಿನ ನಂಬರು ಇನ್ನೊಮ್ಮೆ ಒತ್ತಿ, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು.

"ತುಳಸಿ, ಗಂಡ ಬಸು, ಬಂಗಲೆ ಪ್ಯೂನ್. ನೀನೇ ತಾನೆ? ಇಪ್ಪತ್ತೊಂದನೇ ವಾರ. ಥೈರಾಯ್ಡು ಮೂರು ಸಲ ಆಗಿದೆ, ಎಲ್ಲ ಸರಿ ಇದೆ. ಹಾರ್ಮೋನ್ ಇಂಜೆಕ್ಷನ್ ಹನ್ನೆರಡು ವಾರ ತಗೊಂಡಿದ್ದೀಯ. ಮತ್ತೆ ಗರ್ಭಪಾತ ಅಂತೀಯಲ್ಲ, ಅದು ಇಲ್ಲಿ ಇಲ್ಲವೇ ಇಲ್ಲ."

"ಅದು ನಾನಲ್ಲ," ಅಂದೆ.

"ನೀನಲ್ಲದಿದ್ದರೆ ಆ ರಕ್ತ ನಿನ್ನದಲ್ಲ ಅಂತ ನಿಮ್ಮ ಸಾಹೇಬರಿಂದ ಬರೆಸಿಕೊಂಡು ಬಾ. ಅಲ್ಲಿಯವರೆಗೆ ಹೊಸ ಬಸುರನ್ನು ಈ ಮಿಷನ್ನು ತಗೊಳ್ಳುವುದಿಲ್ಲ."

ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತೆ. ಜೂನ್ ತಿಂಗಳ ಸೆಕೆ. ಬೆವರು ಒರೆಸಿಕೊಳ್ಳುವುದೂ ಬೇಡವಾಗಿತ್ತು. ಅಲ್ಲಿ ಕೂತಾಗಲೇ ಎಲ್ಲ ತಿಳಿಯಿತು. ತಿಳಿದ ಮೇಲೆ ಅಳು ಬರಲಿಲ್ಲ, ಸಿಟ್ಟು ಬಂತು.

ವೀರಭದ್ರ ಸಾಹೇಬರು ಗದಗ ಕಡೆಯವರು, ಕೇಂದ್ರ ಸರ್ಕಾರದ ದೊಡ್ಡ ನೌಕರಿ. ಕಲ್ಕತ್ತಾಕ್ಕೆ ವರ್ಗವಾದಾಗ ನಮ್ಮೂರ ಕೇರಿಯಿಂದ ಬಸುನನ್ನು ಬಂಗಲೆ ಪ್ಯೂನ್ ಮಾಡಿ ಕರೆತಂದರು. ಮೂರು ವರ್ಷ ಸಾಹೇಬರ ಮನೆಯಲ್ಲಿ ದುಡಿದರೆ ನೌಕರಿ ಕಾಯಂ. ಅಷ್ಟರಲ್ಲಿ ಅವರು ಒಂದು ಸಹಿ ತಡೆದರೆ ಊರಿನ ಹಾದಿ. ಪ್ಯೂನನ ಹೆಂಡತಿಗೆ ಸಂಬಳವಿಲ್ಲ, ಹಿತ್ತಲಿನ ಔಟ್‌ಹೌಸೇ ಸಂಬಳ. ನಾನು ಪಾತ್ರೆ, ಬಟ್ಟೆ, ನೆಲ, ಕಕ್ಕಸು ಎಲ್ಲ ತೊಳೆಯುತ್ತೇನೆ. ದೇವರ ಕೋಣೆಯ ಹೊಸಿಲು ಮಾತ್ರ ದಾಟುವಂತಿಲ್ಲ. ನಮ್ಮ ಆಸ್ಪತ್ರೆ ಕಾರ್ಡನ್ನು ಗೌರಿ ಅಕ್ಕಾರು, ಎಂದರೆ ಸಾಹೇಬರ ಹೆಂಡತಿ, ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದರು. ಕೈಯಲ್ಲಿ ಕಾರ್ಡಿದ್ದರೆ ಇವರು ದಿನಕ್ಕೊಂದು ಕಾಯಿಲೆ ಹುಡುಕುತ್ತಾರೆ ಎಂಬುದು ಅವರ ನ್ಯಾಯ.

ದುರ್ಗಾಪೂಜೆಯಲ್ಲಿ ನನಗೆ ರಕ್ತ ಹೋದಾಗಲೂ ಕಾರ್ಡು ಹೊರಗೆ ಬರಲಿಲ್ಲ. ಇಲಾಖೆ ಆಸ್ಪತ್ರೆಯಲ್ಲಿ ನೂರೆಂಟು ಕೇಳುತ್ತಾರೆ ಎಂದು ಸಿಯಾಲ್ದಾ ಸ್ಟೇಷನ್ನಿನ ಹಿಂದಿನ ಗಲ್ಲಿಯ ಒಂದು ನರ್ಸಿಂಗ್ ಹೋಮಿಗೆ ಟ್ಯಾಕ್ಸಿ ಹತ್ತಿಸಿದರು. ಅಲ್ಲಿನ ಡಾಕ್ಟರು ನನ್ನ ಗಂಟಲು ಮುಟ್ಟಿ ನೋಡಿದರು. ಕೂದಲು ಉದುರುತ್ತದೆಯೇ, ಸದಾ ಸುಸ್ತೇ, ಚಳಿ ಜಾಸ್ತಿಯೇ ಎಂದು ಕೇಳಿದರು. ಮುಂದಿನ ಸಲ ಮುಟ್ಟು ತಪ್ಪಿದ ಕೂಡಲೇ ರಕ್ತ ಕೊಡು, ಮಾತ್ರೆ ಬೇಕಾಗಬಹುದು, ಕಾಯಬೇಡ ಎಂದರು. ನನ್ನ ಸುಸ್ತಿಗೆ ಅಕ್ಕಾರು ಇಟ್ಟ ಹೆಸರು ಮಾತ್ರ ಮೈಗಳ್ಳತನ.

ಸಾಹೇಬರ ಮಗಳು ಸಿಂಧೂರ ಬೆಂಗಳೂರಿನಿಂದ ಬಸುರಿಯಾಗಿ ಬಂದದ್ದು ಫೆಬ್ರವರಿಯಲ್ಲಿ. ಮದುವೆಯಾದ ಮಗಳಿಗೆ ಇಲಾಖೆಯ ಆಸ್ಪತ್ರೆ ಸಿಗದು. ಆದರೆ ಕಷ್ಟದ ಬಸುರಿಗೆ ಅಲ್ಲಿನ ಲೇಡಿ ಡಾಕ್ಟರೇ ಸರಿ, ಅವರು ಹೊರಗೆಲ್ಲೂ ನೋಡುವುದಿಲ್ಲ ಎಂದು ಕಾಲೋನಿಗೆಲ್ಲ ಗೊತ್ತು. ಕಾರ್ಡಿನಲ್ಲಿದ್ದ ನನ್ನ ಫೋಟೋದ ಮುಖದ ಮೇಲೇ ಮುದ್ರೆ ಬಿದ್ದು ಗುರುತು ಸಿಗುತ್ತಿರಲಿಲ್ಲ. ಸಿಂಧೂರ ಕಾರಿನಲ್ಲಿ ಹೋಗಿ ತುಳಸಿಯಾಗಿ ಬಂದಳು. ಈವತ್ತು ಅವಳ ಮಾತ್ರೆ ತರಲು ಬಸುಗೆ ಪುರುಸೊತ್ತಿರಲಿಲ್ಲ. ನಾನು ತರುತ್ತೇನೆಂದು ಕಾರ್ಡು ಇಸಿದುಕೊಂಡೆ. ಅವಳ ಮಾತ್ರೆಗೆ ನಮ್ಮ ಕಾರ್ಡೇಕೆ ಎಂದು ಆಗ ಯೋಚಿಸಲಿಲ್ಲ, ಕಾರ್ಡು ಕೈಗೆ ಬಂದರೆ ಸಾಕಾಗಿತ್ತು. ಮಾತ್ರೆ ಇಸ್ಕೊಂಡ ಸೀದಾ ಬಾ, ಬ್ಯಾರೆ ಎಲ್ಲೂ ನಿಲ್ಲಬ್ಯಾಡ ಎಂದು ಅವನು ಎರಡು ಸಲ ಹೇಳಿದ್ದು ಏಕೆಂದು ಈಗ ತಿಳಿಯಿತು.

ಅವನು ಹಿತ್ತಲಲ್ಲಿ ಸಾಹೇಬರ ಬೂಟು ಉಜ್ಜುತ್ತಿದ್ದ.

"ಗೊತ್ತಿತ್ತೇನ ನಿನಗ?"

ಅವನು ತಲೆ ಎತ್ತಲಿಲ್ಲ. "ಕಾಗದದಾಗ ಹೆಸರ ಬರದ್ರ ನಿನ್ನ ಮೈಯಾಗಿಂದು ಏನ ಹರಕೊಂಡ ಹೋಗತೈತಿ? ಇನ್ನ ನಾಕ ತಿಂಗಳದಾಗ ಪರ್ಮನೆಂಟ್ ಆಗತೀನಿ. ಬಾಯಿ ಮುಚಗೊಂಡ ಬಿದ್ದಿರು."

"ಭಾಡ್ಯಾ, ಆಕಿ ಮಾತ್ರಿ ವಾರಾ ವಾರಾ ನೀನ ಹೊತ್ತಿ. ನನ್ನ ರಕ್ತ ಹರಿಯುವಾಗ ಎಲ್ಲಿ ಸತ್ತಿದ್ದಿ?"

"ಸಾಹೇಬ್ರ ಕಾರ್ ತೊಳಿಯಾಕತ್ತಿದ್ದೆ."

ನಾಚಿಕೆಯಿಲ್ಲದೆ ಹೇಳಿದ, ಅದು ನಿಜವೂ ಆಗಿತ್ತು. ಈ ಗಂಡಸಿನ ಮೇಲೆ ನನಗಿದ್ದ ಚೂರುಪಾರು ಮೋಹ ಅಲ್ಲೇ ಸತ್ತಿತು.

ಗೌರಿ ಅಕ್ಕಾರು ಊಟದ ಮೇಜಿನ ಮೇಲೆ ಹಸಿರು ಬಳೆ ಹರವಿಕೊಂಡಿದ್ದರು. ನಾಡಿದ್ದು ಸಿಂಧೂರಳ ಕುಬಸ. ಐದನೇ ತಿಂಗಳಿಗೆ ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ ಆರತಿ ಮಾಡುವ ಶಾಸ್ತ್ರ. ನಾನು ಬಾಗಿಲಲ್ಲೇ ನಿಂತು ಹೇಳಿದೆ.

"ಅಕ್ಕಾರ, ನನಗ ಏಳನೇ ವಾರ ಐತ್ರಿ. ಹ್ವಾದ ಸಲ ಏಳನೇ ವಾರದಾಗ ಹ್ವಾತು. ಸಾಹೇಬ್ರ ಒಂದ ಚೀಟಿ ಬರದ ಕೊಟ್ರ ನನ್ನ ರಕ್ತಾ ನೋಡತಾರ್ರೀ."

ಬಳೆ ಎಣಿಸುವುದನ್ನು ಅವರು ನಿಲ್ಲಿಸಲಿಲ್ಲ. "ನಿಮ್ಮ ಕೇರ್ಯಾಗ ಹೊಲದಾಗ ಹಡದ ಕೂಸ ಎತಗೊಂಡ ಬರತಿದ್ರ. ನಿನಗ ಹಾರ್ಮೋನ್ ಬೇಕಾತೇನ ರಂಡಿ? ಚೀಟಿ ಬರದ ಕೊಟ್ಟ ಅವರ ನೌಕರಿ ಹೋಗಬೇಕೇನ? ನಿಲ್ಲೂದಿದ್ರ ನಿಲ್ಲತೈತಿ, ಹೋಗೂದಿದ್ರ ಹೋಗತೈತಿ. ಹೋಗು, ಹೂರಣದ ಬ್ಯಾಳಿ ತೊಳಿ."

ಅವರು ಎದ್ದು ಕಾರ್ಡನ್ನು ನನ್ನ ಕೈಯಿಂದ ಕಿತ್ತು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ನಾನು ಬೇಳೆ ತೊಳೆದೆ. ಆ ಎರಡು ದಿನ ಪ್ರತಿ ಸಲ ಬಚ್ಚಲಿಗೆ ಹೋದಾಗ ಬಟ್ಟೆ ನೋಡಿಕೊಳ್ಳುತ್ತಿದ್ದೆ. ಕೆಂಪು ಕಾಣಲಿಲ್ಲ. ಕಾಣದಿದ್ದಷ್ಟೂ ಹೊತ್ತು ಹಗೆ ಬೆಳೆಯಿತು. ಅಕ್ಕಾರು ಹೊಟ್ಟೆ ಹಿಡಿದು ಅಳುವುದನ್ನು ಮನಸ್ಸಿನಲ್ಲೇ ನೋಡಿ ಸಂತೋಷಪಟ್ಟೆ. ಇದನ್ನು ಮುಚ್ಚಿಡುವುದಿಲ್ಲ.

ಕುಬಸದ ದಿನ ಹಾಲಿನ ತುಂಬ ಆಫೀಸರುಗಳ ಹೆಂಡಂದಿರು. ಹೆಚ್ಚಿನವರು ಬಂಗಾಳಿಗಳು, ಇದನ್ನು ತಮ್ಮ ಕಡೆಯ ಸೀಮಂತವಾದ ಶಾಧ್ ಎಂದೇ ತಿಳಿದು ಪಾಯಸದ ಡಬ್ಬಿ ತಂದಿದ್ದರು. ಮುಂದಿನ ಸೋಫಾದಲ್ಲಿ ವೀರಭದ್ರ ಸಾಹೇಬರ ಮೇಲಿನ ಸಾಹೇಬರ ಹೆಂಡತಿ. ಕನ್ನಡ ಬಲ್ಲವರು ಮನೆಯವರು ಮಾತ್ರ. ಸಿಂಧೂರ ಒಳಗೆ ಸೀರೆ ಉಡುತ್ತಿದ್ದಳು. ರಂಗೋಲಿ ಹಾಕಿದ ಮಣೆ ಖಾಲಿಯಿತ್ತು. ನಾನು ನನ್ನ ಮದುವೆಯ ಸೀರೆ ಉಟ್ಟು ಅಡುಗೆಮನೆಯಿಂದ ಬಂದು ಅದರ ಮೇಲೆ ಕೂತೆ.

ಅಕ್ಕಾರ ಕೈಯಲ್ಲಿ ಆರತಿ ತಟ್ಟೆ ಇತ್ತು. "ಏಳ ರಂಡಿ, ಮಣಿ ಮೈಲಿಗಿ ಮಾಡಿದಿ," ಎಂದು ನಗುನಗುತ್ತಲೇ ಬೈದರು, ಸುತ್ತ ಜನರಿದ್ದರಲ್ಲ.

"ಸರಕಾರದ ಲೆಕ್ಕದಾಗ ಐದ ತಿಂಗಳ ಬಸುರಿ ನಾನರೀ ಅಕ್ಕಾರ," ನಾನೂ ನಕ್ಕೆ. "ಥೈರಾಯ್ಡ್ ನಂದು, ಇಂಜೆಕ್ಷನ್ ನಂದು. ಆರತಿನೂ ನನಗ ಬೆಳಗ್ರಿ."

ಶಾಸ್ತ್ರವೇ ಹೀಗಿರಬೇಕೆಂದು ಬಂಗಾಳಿ ಹೆಂಗಸರು ಫೋನೆತ್ತಿ ಫೋಟೋ ತೆಗೆದರು. ಒಬ್ಬಳು ಚಂದ, ಚಂದ ಎಂದಳು. ಸಾಹೇಬರು ಓಡಿ ಬಂದು ನನ್ನ ಪಕ್ಕ ಬಗ್ಗಿದರು.

"ಏನ ಬೇಕ ನಿನಗ?"

"ಚೀಟಿ, ಕಾರ್ಡ್. ಇಷ್ಟೊತ್ತನಾ ಕನ್ನಡದಾಗ ಹೇಳೀನ್ರಿ ಸಾಹೇಬ್ರ. ಇನ್ನೊಂದ ಸಲ ಹೇಳೂದಾದ್ರ ಹಿಂದಿಯೊಳಗ ಹೇಳತೀನಿ."

ಅವರು ಸೋಫಾದ ಕಡೆ ನೋಡಿದರು. ಐದು ನಿಮಿಷದಲ್ಲಿ ಕಾರ್ಡಿನ ಜೊತೆ ಇಂಗ್ಲಿಷಿನ ಒಂದು ಹಾಳೆ ಬಂತು. ನನಗೆ ಇಂಗ್ಲಿಷು ಬಾರದು. ಅಷ್ಟರಲ್ಲಿ ಸಿಂಧೂರ ಬಂದು ಬಾಗಿಲಲ್ಲಿ ನಿಂತಿದ್ದಳು. ಹಾಳೆಯನ್ನು ಅವಳ ಕಡೆಗೇ ಚಾಚಿದೆ.

"ನೀವ ಓದಿ ಹೇಳ್ರಿ. ನಿಮ್ಮ ಹೊಟ್ಟಿ ಮ್ಯಾಲ ಕೈ ಇಟ್ಟ ಓದ್ರಿ."

ಓದುತ್ತಾ ಅವಳ ಮುಖ ಬಿಳಿಚಿತು. "ಪಪ್ಪಾ, ಕಂಪ್ಯೂಟರ್ ಮಿಸ್ಟೇಕ್ ಅಂತ ಬರ್ದಿದ್ದೀರ. ನನ್ನ ನೇಮೇ ಇಲ್ಲ." ನನ್ನ ಕಡೆ ತಿರುಗಿದಳು. "ನೀನೂ ಪ್ರೆಗ್ನೆಂಟಾ? ಮಮ್ಮಿ ನಂಗೆ ಹೇಳ್ಲೇ ಇಲ್ಲ."

ಅವಳನ್ನು ನೋಡಿ ಒಂದು ಗಳಿಗೆ ಕನಿಕರ ಬಂತು. ಹಾಳಾಗಲಿ ಎಂದು ನುಂಗಿದೆ. ಆಸ್ಪತ್ರೆಯಲ್ಲಿ ನನ್ನ ಹೆಸರು ಕೂಗಿದಾಗಲೆಲ್ಲ ಎದ್ದು ಹೋದವಳು ಅವಳೇ.

"ಸರಿಯಾಗಿ ಬರೀರಿ ಪಪ್ಪಾ," ಅಂದಳು.

ಎರಡನೇ ಹಾಳೆಯನ್ನೂ ಅವಳೇ ಓದಿ ಹೇಳಿದಳು: ಆ ರಕ್ತ ಯಾರದೆಂಬಲ್ಲಿ ಅವಳ ಹೆಸರಿತ್ತು, ಕೆಳಗೆ ಸಾಹೇಬರ ಸಹಿ ಇತ್ತು. ನಾನು ಎದ್ದೆ. ಅಕ್ಕಾರು ಅದೇ ನಗುಮುಖದಿಂದ ನನ್ನ ರಟ್ಟೆ ಚಿವುಟಿದರು. ಸಾಹೇಬರು ಹಿತ್ತಲ ಬಾಗಿಲವರೆಗೂ ಬಂದರು.

"ಇಲ್ಲಿಗೆ ಮುಗೀತ ಹೌದಲ್ಲ ತುಳಸಿ?"

"ಚೀಟಿ ಕೊಡ್ರಿ ಅಂದಿದ್ದೆ. ಕೊಟ್ರಿ," ಅಂದೆ.

ಮಾರನೇ ದಿನ ಬೆಳಿಗ್ಗೆ ಕೌಂಟರಿನ ಹೆಂಗಸು ಹಾಳೆಯನ್ನು ಎರಡು ಸಲ ಓದಿದಳು, ನಗಲಿಲ್ಲ. ಹಾಳೆಯ ಜೆರಾಕ್ಸು ಇಟ್ಟುಕೊಂಡು ನನ್ನ ರಕ್ತ ತೆಗೆಸಿದಳು. ರಿಪೋರ್ಟು ಸಂಜೆ ನಾಲ್ಕಕ್ಕೆ ಎಂದರು. ನಾಲ್ಕರವರೆಗೆ ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ. ಬಸ್ಸು ಹತ್ತಿ ಬಿಬಿಡಿ ಬಾಗ್‌ಗೆ ಹೋದೆ. ನೌಕರರ ಮೋಸ ವಿಚಾರಿಸುವ ಇಲಾಖೆಯ ವಿಜಿಲೆನ್ಸ್ ಕಚೇರಿ ಅಲ್ಲಿದೆ. ದೂರು ಬರೆದುಕೊಳ್ಳುವ ಬಾಬು ವಯಸ್ಸಾದವರು. ಸಾಹೇಬರ ಕೈಬರಹವನ್ನು ಕನ್ನಡಕ ಏರಿಸಿ ಓದಿ, ಚಹಾದ ಲೋಟ ಪಕ್ಕಕ್ಕಿಟ್ಟರು.

"ತಾನೇ ಬರೆದುಕೊಟ್ಟಿದ್ದಾನಲ್ಲ," ಎಂದು ಹಿಂದಿಯಲ್ಲಿ ಗೊಣಗಿದರು. ಆಮೇಲೆ ಮೆತ್ತಗೆ ಹೇಳಿದರು, "ನೋಡು ತಾಯಿ, ಇದರಲ್ಲಿ ನಿನ್ನ ಗಂಡನ ನೌಕರಿಯೂ ಹೋಗಬಹುದು. ನೌಕರಿ ಹೋದರೆ ಕಾರ್ಡೂ ಹೋಗುತ್ತದೆ."

"ವಿಚಾರಣೆ ಮುಗಿಯಲು ಎಷ್ಟು ದಿನ ಬೇಕು?"

"ಏನಿಲ್ಲವೆಂದರೂ ಒಂದು ವರ್ಷ. ಅಲ್ಲಿಯವರೆಗೆ ನಿನ್ನ ಕಾರ್ಡನ್ನು ಯಾರೂ ರದ್ದು ಮಾಡುವಂತಿಲ್ಲ."

"ನನಗೆ ಎಂಟು ತಿಂಗಳು ಸಾಕು," ಅಂದೆ.

ಚೀಲದಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಬಸುನದೇ ಇರಬೇಕು. ಬಾಬು ಸಾಹೇಬರ ಹೆಸರು, ಅಕ್ಕಾರ ಹೆಸರು, ಸಿಂಧೂರಳ ಹೆಸರು ಕೇಳಿ ಒಂದು ಚೂರು ಕಾಗದದಲ್ಲಿ ಗುರುತು ಹಾಕಿಕೊಂಡರು. ಔಷಧಿ ತರುತ್ತಿದ್ದವರು ಯಾರು ಎಂದು ಕೇಳಿದರು. ಹೇಳಿದೆ.

"ಅವನನ್ನು ಬಿಟ್ಟುಬಿಡೋಣವೇ? ಪಾಪ, ಸಣ್ಣ ನೌಕರಿಯವನು. ಹೇಳಿದ್ದು ಮಾಡಿದ್ದಾನೆ."

"ಬಿಡಬೇಡಿ," ಅಂದೆ. "ಮೊದಲು ಅವನ ಹೆಸರೇ ಬರೆಯಿರಿ."

ಬಾಬು ನನ್ನ ಮುಖ ನೋಡಿದರು, ಹೊಸ ಹಾಳೆ ತೆಗೆದರು. ನಾನು ನನ್ನ ಗಂಡನ ಹೆಸರು, ಅವನ ಅಪ್ಪನ ಹೆಸರು, ಊರಿನ ಹೆಸರು ಒಂದೊಂದಾಗಿ ನಿಧಾನವಾಗಿ ಹೇಳಿ ಬರೆಸಿದೆ.