ಬಲಬದಿಯ ಮೌನ

ಕಿವಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಿವಿ ಮಂದವಾದವರಿಗೆ ಯಂತ್ರ ಕೂರಿಸುವ ಅಂಗಡಿಯಲ್ಲಿ ಅವರದು ಹದಿನೆಂಟು ವರ್ಷದ ಸರ್ವಿಸು. ಬಂದವರನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ತೊಡಿಸಿ, "ಯಾವ ಕಡೆ ಸದ್ದು ಕೇಳ್ಸುತ್ತೋ ಆ ಕಡೆ ಕೈ ಎತ್ತಿ" ಎಂದು ಹೇಳಿ ಹೇಳಿ ಈ ಹೆಸರು ಅಂಟಿಕೊಂಡಿತ್ತು. ಅದು ಹೊಟ್ಟೆಪಾಡು. ಹುಚ್ಚು ಬೇರೆಯೇ ಇತ್ತು: ಹೊಸದಾಗಿ ಬಂದ, ಇನ್ನೇನು ಬರಲಿರುವ, ದೊಡ್ಡ ಕಂಪನಿಗಳ ಹಂಗಿಲ್ಲದ ಇಂಡಿ ರಾಕ್ ಆಲ್ಬಮ್‌ಗಳ ಬಗ್ಗೆ ಅಭಿಪ್ರಾಯ ಕೊಡುವುದು.

ಕೊಡುವುದು ಎಂದರೆ ಯಾರೋ ಬೇಡಿದ್ದರು ಎಂದಲ್ಲ. ನಿವೃತ್ತ ಲೈಬ್ರೇರಿಯನ್ ಒಬ್ಬರು ಅಂತರ್ಜಾಲದಲ್ಲಿ ನಡೆಸುತ್ತಿದ್ದ ಪುಟದಲ್ಲಿ ತಿಂಗಳಿಗೊಂದು ಅಂಕಣ. ಅಂಕಣಕಾರರ ಹೆಸರು 'ಮೂರನೆಯ ಕಿವಿ'. ಓದುಗರ ಸಂಖ್ಯೆ ನಲವತ್ತಮೂರು. ಈ ನಲವತ್ತಮೂರರಲ್ಲಿ ಲೈಬ್ರೇರಿಯನ್ ಒಬ್ಬರು, ಮೇಷ್ಟ್ರು ಇಬ್ಬರು. ಮನೆಯಲ್ಲೊಮ್ಮೆ, ಅಂಗಡಿಯ ಕಂಪ್ಯೂಟರಿನಲ್ಲೊಮ್ಮೆ ತೆರೆದು ನೋಡುತ್ತಿದ್ದರಾದ್ದರಿಂದ. ದೊಡ್ಡ ಬ್ಯಾಂಡಿನವರು ತಮ್ಮ ಆಲ್ಬಮ್ಮನ್ನು ಮುಂಗಡವಾಗಿ ದೊಡ್ಡ ವಿಮರ್ಶಕರಿಗೆ ಕಳಿಸುತ್ತಾರೆ. ಮೂರನೆಯ ಕಿವಿಗೆ ಕಳಿಸುತ್ತಿದ್ದವರು, ಇನ್ನಾರಿಗೆ ಕಳಿಸಬೇಕೆಂದು ತೋಚದವರು.

ಕೇಳುವುದು ಹೆಡ್‌ಫೋನಿನಲ್ಲೇ. "ಮನೇಲಿ ಸ್ಪೀಕರ್ ಹಚ್ಚಿದ ದಿನ ಅಡುಗೆನೂ ನೀವೇ ಹಚ್ಚಿ" ಎಂದು ಹೆಂಡತಿ ಮದುವೆಯಾದ ಹೊಸದರಲ್ಲೇ ಕಾನೂನು ಮಾಡಿಬಿಟ್ಟಿದ್ದಳು. ಆದ್ದರಿಂದ ಇಸ್ತ್ರಿ ಮೇಜಿನ ಪಕ್ಕದ ಕುರ್ಚಿಯೇ ಮೂರನೆಯ ಕಿವಿಯ ಕಚೇರಿ.

ಕಳೆದ ಆರು ತಿಂಗಳಿಂದ ಮೇಷ್ಟ್ರಿಗೆ ಒಂದು ದೊಡ್ಡ ಸಂಗತಿ ಗೋಚರಿಸತೊಡಗಿತ್ತು. ಬರುತ್ತಿರುವ ಆಲ್ಬಮ್‌ಗಳೆಲ್ಲ ಬರಬರುತ್ತ ಬರಿದಾಗುತ್ತಿದ್ದವು. ವಾದ್ಯಗಳೆಲ್ಲ ಎಡಗಡೆ ಗುಂಪುಗೂಡಿ, ಬಲಗಡೆ ಹಾಳುಸುರಿಯುತ್ತಿತ್ತು. ಒಂದು ಬ್ಯಾಂಡ್ ಹೀಗೆ ಮಾಡಿದರೆ ಅಚಾತುರ್ಯ ಎನ್ನಬಹುದು. ಒಂಬತ್ತು ಬ್ಯಾಂಡ್‌ಗಳು ಮಾಡಿದರೆ? ಅದು ಚಳವಳಿ. ಮೇಷ್ಟ್ರು ಅದಕ್ಕೆ 'ಬಲಬದಿಯ ಮೌನ' ಎಂದು ಹೆಸರಿಟ್ಟು ಮೂರು ಕಂತು ಬರೆದರು. ಜಗತ್ತಿನಲ್ಲಿ ಬೇರಾವ ವಿಮರ್ಶಕನೂ ಇದನ್ನು ಗುರುತಿಸಿಲ್ಲವಲ್ಲ ಎಂದು ಅವರಿಗೆ ಆಶ್ಚರ್ಯವಾಗುತ್ತಿತ್ತು. ಆ ಆಶ್ಚರ್ಯ ಹಿತವಾಗಿಯೂ ಇತ್ತು.

ಹೀಗಿರುವಾಗ 'ಲಿಫ್ಟ್ ಕೆಟ್ಟಿದೆ' ಎಂಬ ಬ್ಯಾಂಡಿನ ಮೊದಲ ಆಲ್ಬಮ್ಮಿನ ಮುಂಗಡ ಪ್ರತಿ ಬಂತು. ಆಲ್ಬಮ್ಮಿನ ಹೆಸರು 'ದಯವಿಟ್ಟು ಮೆಟ್ಟಿಲು ಬಳಸಿ'. ಎರಡೂ ಹೆಸರು ಕೊಟ್ಟವನು ಮೇಷ್ಟ್ರ ಭಾವಮೈದುನ, ಹೆಂಡತಿಯ ತಮ್ಮ. ಹಗಲು ಲಿಫ್ಟ್ ರಿಪೇರಿ, ಬಿಡುವಿನಲ್ಲಿ ಬ್ಯಾಂಡಿನ ಎರಡನೆಯ ಗಿಟಾರ್. ಮೇಷ್ಟ್ರು ಕೇಳಿದರು. ಎರಡನೆಯ ಗಿಟಾರ್ ಇರಲೇ ಇಲ್ಲ.

ಪಾಪ, ಹುಡುಗನನ್ನು ಕಿತ್ತುಹಾಕಿದ್ದಾರೆ, ಬಾಯಿಬಿಟ್ಟು ಹೇಳಿಕೊಳ್ಳಲು ಅವನಿಗೆ ನಾಚಿಕೆ ಎಂದುಕೊಂಡರು. ಹುಡುಗನ ವಯಸ್ಸು ಮೂವತ್ತನಾಲ್ಕು. ಕೆದಕಬಾರದೆಂದು ಫೋನ್ ಮಾಡಲಿಲ್ಲ. ಆದರೆ ವಿಮರ್ಶಕನ ಧರ್ಮ ಎಂದೊಂದಿದೆಯಲ್ಲ? ಬರೆದರು:

'ಈ ಬ್ಯಾಂಡಿನಲ್ಲಿ ಹಿಂದೆ ಎರಡನೆಯ ಗಿಟಾರ್ ಒಂದಿತ್ತು. ಈಗಿಲ್ಲ. ನುಡಿಸುತ್ತಿದ್ದವರು ಈ ಲೇಖಕನಿಗೆ ಹತ್ತಿರದ ಸಂಬಂಧ. ಆದರೂ ಹೇಳಲೇಬೇಕು, ತೆಗೆದದ್ದು ಒಳ್ಳೆಯದಾಯಿತು. ನಾಲ್ಕನೆಯ ಹಾಡಿನಲ್ಲಿ ಹಾಡುಗಾರ್ತಿ ಕೇಳುವ ಪ್ರಶ್ನೆಗೆ ಬಲಬದಿಯ ಮೌನವೇ ಉತ್ತರ.'

ಬರೆದು, ತಮ್ಮ ನಿಷ್ಪಕ್ಷಪಾತಕ್ಕೆ ತಾವೇ ಕರಗಿ, ಕನ್ನಡಕ ತೆಗೆದು ಒರೆಸಿಕೊಂಡರು.

ಭಾನುವಾರ ಮಧ್ಯಾಹ್ನ ಭಾವಮೈದುನ ಊಟಕ್ಕೆ ಬಂದ. ಬಂದವನು ಅನ್ನ ಕಲಸುತ್ತಲೇ ಇದ್ದ, ಬಾಯಿಗೆ ಹೋಗುತ್ತಿರಲಿಲ್ಲ.

"ಭಾವ, ನನ್ನ ಗಿಟಾರ್ ಅಷ್ಟು ಕೆಟ್ಟದಾಗಿದ್ಯಾ?"

"ಛೆ ಛೆ, ಯಾರಂದ್ರು? ಅದು ಇಲ್ಲವಲ್ಲ, ಕೆಟ್ಟದು ಹೇಗಾಗುತ್ತೆ?"

"ಇದೆ ಭಾವ."

"ಎಲ್ಲಿದೆ?"

"ಬಲಗಡೆ. ಹತ್ತು ಹಾಡಲ್ಲೂ ಬಲಗಡೆ."

ಮೇಷ್ಟ್ರ ಕೈಯಲ್ಲಿದ್ದ ತುತ್ತು ನಡುದಾರಿಯಲ್ಲಿ ನಿಂತಿತು. ಹೆಂಡತಿ ಎದ್ದು ಹೋಗಿ ಹೆಡ್‌ಫೋನ್ ತಂದಳು, ತಾನೇ ಹಾಕಿಕೊಂಡು ಹಾಡು ಹಚ್ಚಿದಳು. "ಇದೆಯಲ್ರೀ! ಬಲಗಡೆ ಕುಂಯ್ ಕುಂಯ್ ಅಂತಿದೆ, ಎಷ್ಟು ಚೆನ್ನಾಗಿ!"

"ಕುಂಯ್ ಕುಂಯ್ ಅಲ್ಲ ಅಕ್ಕ ಅದು," ಎಂದ ತಮ್ಮ ನೊಂದ ದನಿಯಲ್ಲಿ.

ಮೇಷ್ಟ್ರು ಹೆಡ್‌ಫೋನ್ ಕಿತ್ತುಕೊಂಡು ತಮ್ಮ ತಲೆಗೇರಿಸಿದರು. ಬಲಗಡೆ ಎಂದಿನಂತೆ ಮೌನ. ಆಮೇಲೆ, ಅಂಗಡಿಯಲ್ಲಿ ಸಾವಿರ ಸಲ ಮಾಡಿದ್ದನ್ನೇ ಮಾಡಿದರು: ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ತಿರುಗಿಸಿ ಹಾಕಿಕೊಂಡರು. ಹೆಡ್‌ಫೋನ್ ಕೆಟ್ಟಿದ್ದರೆ ಮೌನ ಈಗ ಎಡಗಡೆಗೆ ಬರಬೇಕಿತ್ತು. ಬರಲಿಲ್ಲ. ಎಡಗಿವಿಯಲ್ಲಿ ಭಾವಮೈದುನನ ಗಿಟಾರ್ ಅಚ್ಚುಕಟ್ಟಾಗಿ ಕುಂಯ್ಗುಟ್ಟಿತು. ಇಷ್ಟು ದಿನ ಕೇಳುತ್ತಿದ್ದ ಮೊದಲ ಗಿಟಾರ್ ಮಾಯವಾಯಿತು. ಮೌನ ಬಲಗಡೆಯೇ ಠಿಕಾಣಿ ಹೂಡಿತ್ತು. ಅಂದರೆ ಚಳವಳಿ ನಡೆದಿದ್ದು ಇಂಡಿ ರಾಕ್‌ನಲ್ಲಲ್ಲ; ಮೇಷ್ಟ್ರ ತಲೆಯಲ್ಲಿ, ಬಲಕ್ಕೆ.

"ಹೆಡ್‌ಫೋನ್ ಹಳೇದಾಗಿದೆ," ಎಂದರು ಮೇಷ್ಟ್ರು. ಸುಳ್ಳು ಅವರ ಬಾಯಿಂದ ಇಷ್ಟು ಸರಾಗವಾಗಿ ಬಂದದ್ದು ಅದೇ ಮೊದಲು.

"ಏನಾದ್ರೂ ಆಗ್ಲಿ ಬಿಡಿ ಭಾವ. ನಮ್ಮ ಹಾಡುಗಾರ್ತಿ ನಿಮ್ಮ ಅಂಕಣ ಓದಿದ್ಲು. ನೀವು ಹೇಳಿದ್ದೇ ಸರಿ ಅಂದ್ಲು. ನನ್ನ ಗಿಟಾರ್ ತೆಗೆದು ಕೇಳಿದ್ಲಂತೆ, ಹಗುರಾಯ್ತಂತೆ. ಮಂಗಳವಾರ ಸಂಜೆ ಬಿಡುಗಡೆಗೆ ಕಡೇ ಮಿಕ್ಸ್ ಕಳಿಸ್ತಾಳೆ, ನಾನಿಲ್ಲದ್ದು." ಅವನು ಕೈ ತೊಳೆದುಕೊಂಡ. "ಐದು ವರ್ಷ ಭಾವ. ಲಿಫ್ಟಿನ ಗುಂಡಿಯೊಳಗೆ ಕೂತೂ ಪ್ರಾಕ್ಟೀಸ್ ಮಾಡಿದ್ದೀನಿ."

ಮೇಷ್ಟ್ರಿಗೆ ಊಟ ಸೇರಲಿಲ್ಲ. ಒಂಬತ್ತು ವರ್ಷದ ಅಂಕಣದಲ್ಲಿ ಅವರ ಮಾತು ನಂಬಿ ಯಾರೂ ಒಂದು ಕಡ್ಡಿಯನ್ನೂ ಈಚೆಯಿಂದ ಆಚೆ ಇಟ್ಟಿರಲಿಲ್ಲ. ಮೊದಲ ಸಲ ಒಬ್ಬಳು ನಂಬಿದ್ದಳು.

ಅವನು ಹೋದ ಮೇಲೆ ಹೆಂಡತಿ ತಟ್ಟೆ ಎತ್ತುತ್ತ, "ಒಂದು ಕೇಳ್ತೀನಿ ರೀ, ನಾನು ಊಟಕ್ಕೆ ಕೂರೋದು ನಿಮ್ಮ ಯಾವ ಕಡೆ?" ಎಂದಳು.

"ಬಲಗಡೆ."

"ಹೂಂ. ಆರು ತಿಂಗಳಿಂದ ನಾನು ಹೇಳಿದ್ದು ಒಂದೂ ನಿಮ್ಮ ತಲೆಗೆ ಹೋಗ್ತಿಲ್ಲ. ಮದುವೆಯಾಗಿ ಹದಿನೇಳು ವರ್ಷ ಆಯ್ತಲ್ಲ, ಅದಕ್ಕೇ ಅಂದ್ಕೊಂಡಿದ್ದೆ."

ಸೋಮವಾರ ಅಂಗಡಿಗೆ ಮೊದಲು ಬಂದವರು ಒಬ್ಬ ವೃದ್ಧರು. ಕಿವಿಯೊಳಗೆ ಬೆಳಕು ಬಿಡಲು ಸುತರಾಂ ಒಪ್ಪರು. "ನನ್ನ ಕಿವಿ ಚೆನ್ನಾಗೇ ಇದೆ, ಈಗಿನವರು ಮಾತಾಡೋದೇ ಗೊಣಗೊಣ," ಎಂದು ವಾದಿಸಿದರು. ಮೇಷ್ಟ್ರು ಹದಿನೆಂಟು ವರ್ಷದಿಂದ ಬಾಯಿಪಾಠವಾಗಿದ್ದ ಮಾತು ಶುರುಮಾಡಿದರು: "ನೋಡಿ ಯಜಮಾನ್ರೇ, ಒಳಗೇನಿದೆ ಅಂತ ನೋಡದೆ ಹೊರಗಿನವರನ್ನ ದೂರಬಾರದು..." ಅರ್ಧಕ್ಕೆ ನಿಲ್ಲಿಸಿದರು.

ಮುಂದಿನ ಮೇಜಿನಲ್ಲಿ ಟೋಕನಮ್ಮ ತಲೆ ಎತ್ತಿದರು. ಬಂದವರಿಗೆ ಟೋಕನ್ ಕೊಟ್ಟು ಕೂರಿಸುವ ಆಕೆಗೆ ಈ ಅಂಗಡಿಯಲ್ಲಿ ಮೇಷ್ಟ್ರಿಗಿಂತ ಎರಡು ವರ್ಷ ಹೆಚ್ಚಿನ ಅನುಭವ. ಆ ಮಾತು ಅರ್ಧಕ್ಕೆ ನಿಂತದ್ದನ್ನು ಆಕೆ ಎಂದೂ ಕಂಡಿರಲಿಲ್ಲ.

ವೃದ್ಧರು ಹೋದ ಮೇಲೆ ಮೇಷ್ಟ್ರು ಬಾಗಿಲು ಓರೆ ಮಾಡಿ, "ಟೋಕನಮ್ಮ, ಸ್ವಲ್ಪ ನನ್ನ ಬಲಗಿವಿ ನೋಡ್ತೀರಾ?" ಎಂದರು.

"ಟೋಕನ್ ತಗೊಳ್ಳಿ."

"ಟೋಕನಮ್ಮ..."

"ಎಲ್ಲರಿಗೂ ಒಂದೇ ರೂಲ್ಸು ಅಂತ ನೀವೇ ಬೋರ್ಡ್ ಬರೆಸಿದ್ದು ಮೇಷ್ಟ್ರೇ."

ಟೋಕನ್ ನಂಬರು ಎರಡು ಹಿಡಿದು ಮೇಷ್ಟ್ರು ಗಿರಾಕಿಯ ಕುರ್ಚಿಯಲ್ಲಿ ಕುಳಿತರು. ಆ ಕುರ್ಚಿ ಇಷ್ಟು ತಗ್ಗಾಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಟೋಕನಮ್ಮ ಕಿವಿ ಎಳೆದು, ಬೆಳಕು ಬಿಟ್ಟು, ಒಂದು ಕ್ಷಣ ಇಣುಕಿ, "ಅಯ್ಯೋ ದೇವರೇ," ಎಂದರು.

"ಏನು? ನರದ್ದಾ? ತಮಟೆಯದ್ದಾ? ಮುಚ್ಚಿಡಬೇಡಿ, ಹೇಳಿ."

"ಗುಗ್ಗೆ."

"ಗುಗ್ಗೆನಾ?"

"ಬರೀ ಗುಗ್ಗೆ ಅಲ್ಲ, ಕಲ್ಲಾಗಿದೆ. ಬಾಟಲಿಗೆ ಬಿರಡೆ ಜಡಿದ ಹಾಗೆ."

ಮೇಷ್ಟ್ರಿಗೆ ಮೊದಲು ಸಮಾಧಾನ, ಹಿಂದೆಯೇ ಅವಮಾನ. ನರದ ದೋಷವಾಗಿದ್ದರೆ ಒಂದು ಘನತೆಯಾದರೂ ಇರುತ್ತಿತ್ತು. ಬಂದವರ ಕಿವಿಯಲ್ಲೆಲ್ಲ ಗುಗ್ಗೆ ಹುಡುಕಿದವರು, ತಮ್ಮದನ್ನು ಮಾತ್ರ ತಾವು ನೋಡಿಕೊಳ್ಳಲಾಗದ ಕಾರಣಕ್ಕೆ, ಅದಕ್ಕೆ ಚಳವಳಿ ಎಂದು ಹೆಸರಿಟ್ಟು ಮೂರು ಕಂತು ಬರೆದಿದ್ದರು.

ಟೋಕನಮ್ಮ ಹನಿ ಹಾಕಿದರು, ತಲೆ ವಾಲಿಸಿಕೊಂಡು ಕಾಯಲು ಹೇಳಿದರು, ಆಮೇಲೆ ಬೆಚ್ಚನೆಯ ನೀರು ಬಿಟ್ಟರು. ಕಂದು ಬಣ್ಣದ ಒಂದು ಉಂಡೆ ತಟ್ಟೆಗೆ ಬಿತ್ತು. ಅದು ಬಿದ್ದ ಸದ್ದು ಮೇಷ್ಟ್ರಿಗೆ ಬಲಗಿವಿಯಲ್ಲಿ ಕೇಳಿಸಿತು. ಜತೆಗೆ ಗೋಡೆಯ ಗಡಿಯಾರ, ಫ್ಯಾನು, ಟೋಕನಮ್ಮನ ಬಳೆ.

"ಬಿಸಾಡ್ಲಾ?"

"ಬೇಡ," ಎಂದರು ಮೇಷ್ಟ್ರು. ಯಂತ್ರದ ಬ್ಯಾಟರಿ ಬರುವ ಪುಟ್ಟ ಡಬ್ಬಿಯಲ್ಲಿ ಅದನ್ನು ಹತ್ತಿಯ ಮೇಲೆ ಇಟ್ಟುಕೊಂಡರು.

"ಏನೋಪ್ಪ," ಎಂದರು ಟೋಕನಮ್ಮ. "ಮೂರು ನಂಬರು ಬನ್ನಿ!"

ಮಧ್ಯಾಹ್ನದ ಬಿಡುವಿನಲ್ಲಿ ಗಾಜಿನ ಕೋಣೆಯಲ್ಲಿ ಕುಳಿತು ಆಲ್ಬಮ್ಮನ್ನು ಮೊದಲಿಂದ ಕೇಳಿದರು. ನಿಜ ಹೇಳಬೇಕೆಂದರೆ ಮೊದಲೆರಡು ಹಾಡಿಗೆ ಸಿಟ್ಟು ಬಂತು. ಅವರು ಮೆಚ್ಚಿದ್ದ ಖಾಲಿ ಅಂಗಳದಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದಂತಿತ್ತು ಗಿಟಾರ್. ಮೂರನೆಯದು ಪರವಾಗಿಲ್ಲ. ನಾಲ್ಕನೆಯದರಲ್ಲಿ ಹಾಡುಗಾರ್ತಿ ಕೇಳಿದಳು, ಮನೆಯಲ್ಲಿ ಯಾರಾದರೂ ಇದ್ದೀರಾ ಎಂದು. ಇಲ್ಲೇ ಅಲ್ಲವೇ ಅವರು ಮೌನವೇ ಉತ್ತರ ಎಂದು ಬರೆದದ್ದು? ಬಲಗಡೆಯಿಂದ ಎರಡು ಸ್ವರ ಬಂದವು, ಒಂದು ಮೇಲೆ, ಒಂದು ಕೆಳಗೆ. ಲಿಫ್ಟ್ ಬಂದು ಮಹಡಿಗೆ ನಿಂತಾಗ ಕೇಳುವಂಥ ಸದ್ದು. ಬಂದೆ, ಎನ್ನುವ ಹಾಗೆ. ಅವಳು ಮತ್ತೆ ಕೇಳಿದಳು. ಅವನು ಮತ್ತೆ ಬಂದ. ಹಾಡು ಮುಗಿಯುವವರೆಗೂ ಅವಳು ಎಷ್ಟು ಸಲ ಕೇಳಿದಳೋ ಅಷ್ಟು ಸಲ ಬಂದ.

ಮೇಷ್ಟ್ರು ಕನ್ನಡಕ ತೆಗೆದರು. ಈ ಸಲ ಕಣ್ಣೀರಿಗೆ ಅವರ ನಿಷ್ಪಕ್ಷಪಾತ ಕಾರಣವಾಗಿರಲಿಲ್ಲ.

ಮಂಗಳವಾರ ಸಂಜೆ ರಜೆ ಹಾಕಿ ಬ್ಯಾಂಡಿನವರ ಕೋಣೆಗೆ ಹೋದರು. ಅದೊಂದು ಲಾಂಡ್ರಿಯ ಹಿಂಬದಿ. ಗೋಡೆ ಬೆಚ್ಚಗೆ, ಗಾಳಿ ತೇವ, ತಂತಿಗಳು ಐದು ನಿಮಿಷಕ್ಕೊಮ್ಮೆ ಶ್ರುತಿ ತಪ್ಪುತ್ತಿದ್ದವು. ಹಾಡುಗಾರ್ತಿ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಹಗಲಲ್ಲಿ ಆಕೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು; ಎದುರಿನವರು ತಪ್ಪು ಮಾಡಿದರೆ ಕೂತಲ್ಲೇ ಅವಳ ಬಲಗಾಲು, ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ಗೋಡೆಯ ಮೇಲೆ 'ಬಲಬದಿಯ ಮೌನ'ದ ಮೂರೂ ಕಂತು ಅಂಟಿಸಿದ್ದಳು. ಮೂಲೆಯಲ್ಲಿ ಭಾವಮೈದುನ ತನ್ನ ಗಿಟಾರನ್ನು ಚೀಲಕ್ಕೆ ತುಂಬುತ್ತಿದ್ದ.

"ನಾನೇ ಮೂರನೆಯ ಕಿವಿ," ಎಂದರು ಮೇಷ್ಟ್ರು.

"ಸಾರ್! ನೀವಾ? ಬನ್ನಿ, ಕೂತ್ಕೊಳ್ಳಿ! ನಿಮ್ಮ ಆ ಲೇಖನ ನನ್ನ ತಲೆಯನ್ನೇ ತಿರುಗಿಸಿಬಿಡ್ತು."

"ಅದನ್ನ ಮೊದಲಿದ್ದ ಕಡೆಗೇ ತಿರುಗಿಸೋಕೆ ಬಂದಿದ್ದೀನಮ್ಮ," ಎಂದು ಮೇಷ್ಟ್ರು ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ಮುಚ್ಚಳ ತೆರೆದರು.

ಹಾಡುಗಾರ್ತಿ ಬಗ್ಗಿ ನೋಡಿದಳು. "ಇದೇನು?"

"ಬಲಬದಿಯ ಮೌನ."

ಅವಳ ಬಲಗಾಲು ನೆಲವನ್ನು ಒತ್ತಿತು. ಮೇಷ್ಟ್ರು ಒಂದೂ ಬಿಡದೆ ಹೇಳಿದರು: ಆರು ತಿಂಗಳು, ಒಂಬತ್ತು ಬ್ಯಾಂಡು, ಟೋಕನ್ ನಂಬರು ಎರಡು. ಭಾನುವಾರವೇ ಗೊತ್ತಾಗಿಯೂ ತಪ್ಪನ್ನು ಹೆಡ್‌ಫೋನಿನ ಮೇಲೆ ಹಾಕಿದ್ದನ್ನೂ ಹೇಳಿದರು. ಭಾವಮೈದುನ ಜಿಪ್ಪು ಎಳೆಯುವುದನ್ನು ನಿಲ್ಲಿಸಿದ್ದ.

"ಅಂದ್ರೆ ನಾನು ಗೋಡೆಗೆ ಅಂಟಿಸಿಕೊಂಡಿದ್ದು..."

"ಗುಗ್ಗೇನೇ ಅಮ್ಮ."

"ಆದ್ರೆ ಸಾರ್, ತೆಗೆದ ಮೇಲೆ ನನಗೂ ಹಗುರ ಅನ್ನಿಸ್ತಲ್ಲ? ಈಗ ನಿಮ್ಮ ನೆಂಟ ಅಂತ ಅವನ ಪರ ಮಾತಾಡ್ತಿಲ್ಲ ಅಂತ ಹೇಗೆ ನಂಬಲಿ?"

"ಮೊದಲೆರಡು ಹಾಡಲ್ಲಿ ಇವನದು ಪೀಡೆ," ಎಂದರು ಮೇಷ್ಟ್ರು.

"ಭಾವ!"

"ಸುಮ್ನಿರೋ. ಪೀಡೆನೇ. ಅಲ್ಲಿ ತಗ್ಗಿಸಿ, ಬೇಕಾದ್ರೆ ತೆಗೀರಿ. ನಾಲ್ಕನೇದರಲ್ಲಿ ತೆಗೆದ್ರೆ ಮಾತ್ರ ನೀವು ಬಾಗಿಲು ಬಡೀತಾ ಇರ್ತೀರಿ, ಒಳಗೆ ಯಾರೂ ಇರಲ್ಲ."

ಹಾಡುಗಾರ್ತಿ ಹೆಡ್‌ಫೋನ್ ತೆಗೆದು ಮೇಷ್ಟ್ರ ತಲೆಗೆ ಹಾಕಿದಳು. "ಮೊದಲು ನಿಮ್ಮ ಕಿವಿ ನೆಟ್ಟಗಾಗಿದ್ಯಾ ನೋಡ್ಬೇಕು. ಕಣ್ಣು ಮುಚ್ಚಿ. ಯಾವ ಕಡೆ ಕೇಳ್ಸುತ್ತೋ ಆ ಕಡೆ ಕೈ ಎತ್ತಿ."

ಮೇಷ್ಟ್ರು ಕಣ್ಣು ಮುಚ್ಚಿದರು. ಎಡಗಡೆ ಒಂದು ಸ್ವರ, ಎಡಗೈ ಎತ್ತಿದರು. ಎಡಗಡೆ ಇನ್ನೊಂದು. ಆಮೇಲೆ ಬಲಗಡೆ, ತೀರಾ ಮೆಲ್ಲಗೆ, ಒಂದು ಮೇಲೆ, ಒಂದು ಕೆಳಗೆ. ಬಲಗೈ ತಾನಾಗಿ ಮೇಲೆದ್ದಿತು.

"ಸರಿ," ಎಂದ ಅವಳ ದನಿ ದೂರದಿಂದ ಕೇಳಿಸಿತು. "ಚೀಲ ಬಿಚ್ಚೋ. ನಾಲ್ಕನೇದರಲ್ಲಿ ನೀನು ಇರ್ತೀಯ. ಮೊದಲೆರಡನ್ನ ಇವತ್ತೇ ಕೂತು ಸರಿಮಾಡೋಣ, ನಾಳೆ ಕಳಿಸಿದ್ರಾಯ್ತು. ಆ ಡಬ್ಬಿ ಮುಚ್ಚಿ ಯಾರಾದ್ರೂ."

ಜಿಪ್ಪು ಸರಕ್ಕನೆ ಬಿಚ್ಚಿಕೊಂಡ ಸದ್ದು ಬಂತು. ಮೇಷ್ಟ್ರು ಬಲಗೈ ಎತ್ತಿಯೇ ಇದ್ದರು.

"ಪರೀಕ್ಷೆ ಮುಗೀತು ಭಾವ, ಕೈ ಇಳಿಸಿ."

"ಇಲ್ಲ ಇಲ್ಲ, ಬಲಗಡೆ ಇನ್ನೂ ಕೇಳಿಸ್ತಿದೆ. ಧಡ್ ಧಡ್, ಧಡ್ ಧಡ್. ಡ್ರಮ್ಮು ಚೆನ್ನಾಗಿದೆಯಲ್ಲೋ, ಯಾರದ್ದು?"

"ಅದು ಪಕ್ಕದ ಲಾಂಡ್ರಿಯ ಮಿಷನ್ನು."

ಮೇಷ್ಟ್ರು ಕೈ ಇಳಿಸಿದರು. ಆದರೂ, ಲಯದ ಮೇಲೆ ಹಿಡಿತವಿದೆ ಎಂದು ಅವರಿಗನ್ನಿಸಿತು.