ಪೈಲ್ವಾನನಿಗೆ ಒಂದು ಅಚ್ಚಿನ ಎಣ್ಣೆ

ಪಕ್ಕದ ಹಳೆಯ ಕಟ್ಟಡವನ್ನು ಒಡೆಯಲು ಶುರುಮಾಡಿದ ದಿನವೇ ಸೋಪಣ್ಣನ ಮನೆಯ ನೆಮ್ಮದಿ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಯಿತು. ಅಲ್ಲಿ ಗೋಡೆ ಕೊರೆಯುವ ಮೆಷಿನ್ 'ಗರ್ರ್' ಅಂದರೆ ಸಾಕು, ಇಲ್ಲಿ ನಾಯಿ 'ಊ' ಎಂದು ರಾಗ ಎಳೆಯುತ್ತಿತ್ತು. ಮೆಷಿನ್ ನಿಂತರೂ ನಾಯಿ ನಿಲ್ಲಿಸುತ್ತಿರಲಿಲ್ಲ. ನಾಯಿಯ ಹೆಸರು ಪೈಲ್ವಾನ. ಮರಿಯಾಗಿದ್ದಾಗ ಅದರ ಎದೆಯ ಅಗಲ ನೋಡಿ ಸೋಪಣ್ಣನೇ ಇಟ್ಟ ಹೆಸರು. ಎದೆಯೇನೋ ಅಗಲವಾಗಿಯೇ ಬೆಳೆಯಿತು, ಅದರೊಳಗಿನ ಧೈರ್ಯ ಮಾತ್ರ ಮರಿಯದ್ದೇ ಉಳಿಯಿತು. ಮೆಷಿನ್ ಸದ್ದು ಕೇಳಿದೊಡನೆ ಪೈಲ್ವಾನರು ಬಾಲ ಮುದುರಿ ಸೋಪು ಕತ್ತರಿಸುವ ಮೇಜಿನ ಕೆಳಗೆ ನುಗ್ಗಿ, ಅಲ್ಲಿಂದಲೇ ಇಡೀ ಬೀದಿಗೆ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು.

ಸೋಪಣ್ಣನದು ಮನೆಯಲ್ಲೇ ಸೋಪು ಮಾಡುವ ಕಸುಬು. ಮುಂದಿನ ಕೋಣೆಯಲ್ಲಿ ಒಲೆ, ದೊಡ್ಡ ಪಾತ್ರೆ, ಪೆಟ್ಟಿಗೆಯಷ್ಟು ದೊಡ್ಡ ಮರದ ಅಚ್ಚುಗಳು. ಗೋಡೆಯ ಕಪಾಟಿನ ತುಂಬ ಕಂದು ಬಣ್ಣದ ಪುಟ್ಟ ಬಾಟಲಿಗಳು. ಹೂವು, ಎಲೆ, ತೊಗಟೆಗಳಿಂದ ಇಳಿಸಿದ ಗಾಢ ಸುಗಂಧ ತೈಲಗಳು ಅವು; ಅಂಗಡಿಯವರು ಎಸೆನ್ಶಿಯಲ್ ಆಯಿಲ್ ಅನ್ನುತ್ತಾರಲ್ಲ, ಅವೇ. ಪಾಕ ಹದಕ್ಕೆ ಬಂದಾಗ ಆ ಎಣ್ಣೆ ಬೆರೆಸಿ ಅಚ್ಚಿಗೆ ಹೊಯ್ಯುವುದು ಸೋಪಣ್ಣನ ಕೆಲಸ. ಗಟ್ಟಿಯಾದ ಮೇಲೆ ಕತ್ತರಿಸಿ ಕಾಗದ ಸುತ್ತಿ ಅಂಗಡಿಗಳಿಗೆ ಕೊಟ್ಟು ಬರುವುದು ಹೆಂಡತಿಯ ಕೆಲಸ. ವರ್ಷಗಟ್ಟಲೆ ಆ ಘಾಟಿನ ನಡುವೆಯೇ ಉಸಿರಾಡಿ ಸೋಪಣ್ಣನ ಮೂಗು ಮೊಂಡಾಗಿತ್ತು. ಬೀದಿಯ ತಿರುವಿಗೆ ಬರುವಾಗಲೇ ಜನ ಸೀನುತ್ತಿದ್ದರು, ಅವನು ಮಾತ್ರ ಬಾಟಲಿಯ ಬಾಯಿಗೆ ಮೂಗಿಟ್ಟು, "ಏನೋ ಸ್ವಲ್ಪ ಬರ್ತಿದೆ ಅನ್ಸುತ್ತೆ" ಅನ್ನುತ್ತಿದ್ದ.

ಮಹಡಿಯ ಮೇಲೆ ಮನೆಯ ಮಾಲೀಕರು ಇದ್ದರು, ಪಿಟೀಲು ಮೇಷ್ಟ್ರು. ಒಂದು ದಿನ ಅವರು ಪಾಠ ಅರ್ಧಕ್ಕೇ ಬಿಟ್ಟು, ಕೈಯಲ್ಲಿ ಕಮಾನು ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದರು.

"ಸೋಪಣ್ಣ, ಮೇಲೆ ನಾನು ಮಕ್ಕಳಿಗೆ ಶ್ರುತಿ ಹೇಳ್ಕೊಡ್ತೀನಿ. ಕೆಳಗಿಂದ ನಿಮ್ಮ ಪೈಲ್ವಾನ ಅಪಶ್ರುತಿ ಹೇಳ್ಕೊಡ್ತಾನೆ. ಮಕ್ಕಳು ಅವನದನ್ನೇ ಬೇಗ ಕಲೀತಿದಾರೆ!"

"ಪಾಪ, ಹೆದರ್ಕೊಂಡಿದಾನೆ ಮೇಷ್ಟ್ರೇ."

"ನಾನೂ ಹೆದರ್ಕೊಂಡಿದೀನಿ, ಇರೋ ಮಕ್ಕಳೂ ಬಿಟ್ಟು ಹೋಗ್ತಾರೇನೋ ಅಂತ. ಈ ವಾರ ಒಂದು ನೋಡ್ತೀನಿ. ಆಮೇಲೆ ನಾಯಿ ಹೋಗ್ಬೇಕು. ಇಲ್ಲ ಅಂದ್ರೆ ನೀವೂ ಅವನ ಜೊತೆಗೇ ಹೋಗ್ಬೇಕು."

ಸೋಪಣ್ಣನ ಭಾವಮೈದುನ ನಾಯಿಯನ್ನು ಕರೆದೊಯ್ಯಲು ತುದಿಗಾಲಲ್ಲಿ ನಿಂತಿದ್ದ. ಅವನಿಗೆ ಗೋದಾಮು ಕಾಯಲು ಒಂದು ನಾಯಿ ಬೇಕಿತ್ತು. ಗೋದಾಮಿನ ಬಾಗಿಲಿಗೆ ಸರಪಳಿ ಬಿಗಿದು ಪೈಲ್ವಾನನನ್ನು ಕಟ್ಟಿಹಾಕಿರುವುದನ್ನು ನೆನೆಸಿಕೊಂಡರೆ ಸೋಪಣ್ಣ ಊಟದ ತಟ್ಟೆ ಬಿಟ್ಟು ಎದ್ದು ಬಂದು ನಾಯಿಯ ತಲೆ ಸವರುತ್ತಿದ್ದ. ಹೇಗಾದರೂ ಮಾಡಿ ನಾಯಿಯ ಬಾಯಿ ಮುಚ್ಚಿಸಬೇಕಿತ್ತು.

ಅಂದು ಸಂಜೆಯೇ ಫೋನಿನಲ್ಲಿ ದಾರಿ ಕಂಡಿತು. ಯಾರೋ ಹೆಂಗಸು ವಿಡಿಯೊದಲ್ಲಿ, ಲ್ಯಾವೆಂಡರ್ ಹೂವಿನ ಪರಿಮಳಕ್ಕೆ ನಾಯಿಗಳು ಶಾಂತವಾಗುತ್ತವೆ ಎಂದು ಹೇಳುತ್ತಿದ್ದಳು. ಸೋಪಣ್ಣ ಅಷ್ಟಕ್ಕೇ ಫೋನು ಆರಿಸಿ ಎದ್ದು ನಿಂತ.

"ಪೂರ್ತಿ ನೋಡ್ರೀ," ಎಂದಳು ಹೆಂಡತಿ. "ಎಚ್ಚರಿಕೆ ಅಂತ ಏನೋ ಶುರು ಮಾಡಿದ್ಳು."

"ಎಚ್ಚರಿಕೆ ಎಲ್ಲಾ ಗೊತ್ತಿಲ್ದೋರಿಗೆ ಕಣೇ. ನನ್ನ ಜೀವಮಾನ ಎಲ್ಲಾ ಎಣ್ಣೆ ಜೊತೇಲೇ ಕಳ್ದಿದೀನಿ."

"ಕಳ್ದಿದ್ದು ಸೋಪಿನ ಜೊತೆ. ಸೋಪಿಗೆ ಹೊಟ್ಟೆ ನೋಯಲ್ಲ. ಮೊದ್ಲು ಪ್ರಾಣಿ ಡಾಕ್ಟರಮ್ಮನ್ನ ಒಂದು ಮಾತು ಕೇಳಿ."

"ಹೂವಿಂದ ಬಂದ ಎಣ್ಣೆಗೆ ಡಾಕ್ಟ್ರು ಯಾಕೆ? ಗಿಡದಿಂದ ಬಂದಿದ್ದು ಯಾರಿಗೆ ಏನು ಮಾಡುತ್ತೆ?"

"ಕಳ್ಳಿ ಹಾಲೂ ಗಿಡದಿಂದಾನೇ ಬರೋದು. ಕಣ್ಣಿಗೆ ಬಿಟ್ಕೊಳ್ತೀರಾ?"

ಹೆಂಡತಿಯ ಮಾತಿಗೆ ಬಗ್ಗುವ ಜಾಯಮಾನ ಸೋಪಣ್ಣನದಲ್ಲ. ಆದ್ದರಿಂದ ಮರುದಿನ ಬೆಳಿಗ್ಗೆ ಹೆಂಡತಿ ಸೋಪಿನ ಚೀಲ ಹೊತ್ತು ಅಂಗಡಿಗಳ ಕಡೆಗೆ ಹೋಗುವುದನ್ನೇ ಕಾದಿದ್ದು ಕೆಲಸಕ್ಕೆ ಕೈ ಹಾಕಿದ.

ಎಷ್ಟು ಎಣ್ಣೆ ಹಾಕಬೇಕು? ಬೇರೆ ಯಾರಾದರೂ ಆಗಿದ್ದರೆ ಒಂದು ಹನಿ, ಎರಡು ಹನಿ ಎಂದು ಯೋಚಿಸುತ್ತಿದ್ದರು. ಸೋಪಣ್ಣ ಲೆಕ್ಕದ ಮನುಷ್ಯ. ಸೋಪು ತೂಗುವ ತಕ್ಕಡಿಯನ್ನು ನೆಲಕ್ಕಿಳಿಸಿ, ಬಿಸ್ಕತ್ತು ತೋರಿಸಿ, ಪೈಲ್ವಾನನನ್ನು ಅದರ ಮೇಲೆ ಕೂರಿಸಿದ. ಮುಳ್ಳು ತೋರಿಸಿದ ತೂಕ ನೋಡಿ ಅವನ ಮುಖ ಅರಳಿತು. ಸರಿಯಾಗಿ ಒಂದು ಅಚ್ಚಿನ ಸೋಪಿನಷ್ಟು!

"ಹಾಗಾದ್ರೆ ಒಂದು ಅಚ್ಚಿಗೆ ಎಷ್ಟೋ ನಿಂಗೂ ಅಷ್ಟೇ ಕಣೋ," ಎಂದ. ಪೈಲ್ವಾನ ಬಿಸ್ಕತ್ತು ಬಿಟ್ಟು ಬೇರೆ ಯಾವ ಲೆಕ್ಕವನ್ನೂ ಇಟ್ಟುಕೊಂಡವನಲ್ಲ, ಬಾಲ ಅಲ್ಲಾಡಿಸಿದ.

ಒಂದು ಅಚ್ಚಿಗೆ ತುಂಬು ಸೌಟು ಎಣ್ಣೆ ಬೇಕು. ಪುಣ್ಯಕ್ಕೆ ಸೌಟು ಪಾಕದ ಪಾತ್ರೆಯೊಳಗೆ ಅಂಟಿಕೊಂಡು ಕೂತಿತ್ತು. ಕೈಗೆ ಸಿಕ್ಕಿದ್ದು ಸಣ್ಣ ಚಮಚ. ಇರಲಿ, ಕಂತಿನಲ್ಲಿ ಹಾಕಿದರಾಯಿತು ಎಂದುಕೊಂಡು ಮೊದಲು ಒಂದು ಚಮಚ ಲ್ಯಾವೆಂಡರ್ ಎಣ್ಣೆಯನ್ನು ಪೈಲ್ವಾನನ ಕುತ್ತಿಗೆಗೆ ಸವರಿದ. ಮೂಸಿ ನೋಡಿದ. ಏನೂ ವಾಸನೆ ಬರಲಿಲ್ಲ. ಚಿಗಟವೂ ಹೋಗಲಿ, ಒಂದೇ ಖರ್ಚಿನಲ್ಲಿ ಎರಡು ಕೆಲಸ ಎಂದು ಟೀ ಟ್ರೀ ಎಂಬ ಮರದ ಎಲೆಯ ಎಣ್ಣೆಯನ್ನು ಒಂದು ಚಮಚ ಬೆನ್ನಿಗೆ ಹಾಕಿ ತಿಕ್ಕಿದ. ಮತ್ತೆ ಮೂಸಿದ. ಈಗಲೂ ಬರಲಿಲ್ಲ. ಮೂರನೆಯ ಚಮಚ ತುಂಬಿಸುವಷ್ಟರಲ್ಲಿ ಪೈಲ್ವಾನ ಒಂದು ಸೀನು ಸೀನಿ, ಕೈಯಿಂದ ನುಣುಚಿಕೊಂಡು ಕಾಲಿಗೆ ಬುದ್ಧಿ ಹೇಳಿದ. ಮೇಜಿನ ಕೆಳಗೆ ಕೂತು, ಮೈಗೆ ಹತ್ತಿದ್ದನ್ನೆಲ್ಲ ನೆಕ್ಕಿಕೊಳ್ಳತೊಡಗಿದ.

"ನೆಕ್ಕೋ, ಒಳಗೂ ಹೋಗ್ಲಿ," ಎಂದ ಸೋಪಣ್ಣ ಸಂತೋಷದಿಂದ. ಹೀಗೆ ಅಂದದ್ದಕ್ಕೆ ಆಮೇಲೆ ಅವನು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಂತಾಯಿತು.

ಮಧ್ಯಾಹ್ನ ಪಕ್ಕದಲ್ಲಿ ಮೆಷಿನ್ ಗರ್ರೆಂದಿತು. ಪೈಲ್ವಾನ ತುಟಿಪಿಟಕ್ಕೆನ್ನಲಿಲ್ಲ. ಸೋಪಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮಹಡಿಗೆ ಓಡಿ, ಮೇಷ್ಟ್ರ ಕೈ ಹಿಡಿದು ಎಳೆದುಕೊಂಡೇ ಬಂದ.

"ಕೇಳಿ ಮೇಷ್ಟ್ರೇ, ಏನಾದ್ರೂ ಕೇಳಿಸ್ತಿದೆಯಾ?"

"ಕೇಳಿಸೋದು ಇರ್ಲಿ, ಉಸಿರಾಡೋಕೇ ಆಗ್ತಿಲ್ಲ," ಎಂದು ಮೇಷ್ಟ್ರು ಮೂಗಿಗೆ ಕರವಸ್ತ್ರ ಒತ್ತಿಕೊಂಡರು.

"ನೋಡಿ ಹೇಗೆ ಧ್ಯಾನಕ್ಕೆ ಕೂತಿದಾನೆ! ಇನ್ಮೇಲೆ ನೀವು ಧೈರ್ಯವಾಗಿ ಪಿಟೀಲು ಕುಯ್ಬಹುದು."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಖಾಲಿ ಚೀಲ ಹಿಡಿದು ಒಳಗೆ ಬಂದಳು. ಅವಳು ಗಂಡನ ಮುಖ ನೋಡಲಿಲ್ಲ, ನೇರವಾಗಿ ಮೇಜಿನ ಕೆಳಗೆ ಬಗ್ಗಿದಳು.

"ಇದ್ಯಾಕೆ ಇಷ್ಟೊಂದು ಜೊಲ್ಲು ಸುರಿಸ್ತಿದಾನೆ?"

"ಸುಖಕ್ಕೆ ಕಣೇ."

"ಬಾರೋ ಪೈಲ್ವಾನ."

ಕರೆದವಳ ಕಡೆಗೆ ಪೈಲ್ವಾನ ಎದ್ದ. ಮುಂಗಾಲುಗಳು ಎದ್ದವು, ಹಿಂಗಾಲುಗಳು ಸರಿಯಾಗಿ ಏಳಲಿಲ್ಲ. ಎರಡು ಹೆಜ್ಜೆ ತೂರಾಡಿ ಪಕ್ಕಕ್ಕೆ ಬಿದ್ದ. ಮೈ ಸಣ್ಣಗೆ ನಡುಗುತ್ತಿತ್ತು. ಸೋಪಣ್ಣ ನೆಲಕ್ಕೆ ಕುಕ್ಕರಿಸಿ ಅವನ ತಲೆ ಎತ್ತಿ ಹಿಡಿದ. ಅಷ್ಟು ಹೊತ್ತು ತಾನು ಶಾಂತಿ ಎಂದುಕೊಂಡದ್ದು ಶಾಂತಿಯಲ್ಲ, ನಿತ್ರಾಣ ಎಂಬುದು ಈಗ ತಿಳಿಯಿತು.

ಹೆಂಡತಿ ಆಗಲೇ ಡಾಕ್ಟರಮ್ಮನಿಗೆ ಫೋನು ಮಾಡಿದ್ದಳು. ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟಳು.

"ಯಾವ ಎಣ್ಣೆ? ಎಷ್ಟು ಹಾಕಿದ್ರಿ?" ಎಂದು ಕೇಳಿತು ಆ ಕಡೆಯ ಧ್ವನಿ.

"ಲ್ಯಾವೆಂಡರ್ ಒಂದು ಚಮಚ, ಟೀ ಟ್ರೀ ಒಂದು ಚಮಚ. ಅಚ್ಚಿನ ಲೆಕ್ಕದಲ್ಲಿ ನೋಡಿದ್ರೆ ಕಮ್ಮಿನೇ..." ಸೋಪಣ್ಣ ತೊದಲಿದ.

"ಯಾವ ಅಚ್ಚು?"

"ಸೋಪಿಂದು."

ಡಾಕ್ಟರಮ್ಮ ಅಚ್ಚಿನ ಮಾತನ್ನು ಅಲ್ಲಿಗೇ ಬಿಟ್ಟು ಬಿಡಿಸಿ ಹೇಳಿದರು. "ಗಮನ ಕೊಟ್ಟು ಕೇಳಿ. ಇನ್ನು ನೆಕ್ಕೋಕೆ ಬಿಡ್ಬೇಡಿ. ವಾಂತಿ ಮಾಡಿಸೋಕೆ ಹೋಗ್ಬೇಡಿ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸಾದಾ ಸೋಪು ತಗೊಂಡು ಬೇಗ ಮೈ ತೊಳ್ದು, ಒರೆಸಿ, ಟವೆಲ್ ಸುತ್ತಿ ಕರ್ಕೊಂಡು ಬನ್ನಿ. ಬಾಟಲಿಗಳನ್ನೂ ತನ್ನಿ. ಆದ್ರೆ ಸೋಪಿನಲ್ಲಿ ಯಾವ ಪರಿಮಳದ ಎಣ್ಣೇನೂ ಇರ್ಬಾರ್ದು, ಆಯ್ತಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮನೆಯ ತುಂಬ ಸೋಪು. ಕಪಾಟಿನಲ್ಲಿ, ಮಂಚದ ಕೆಳಗೆ, ಕಿಟಕಿಯ ಮೇಲೆ ಸಾಲುಸಾಲು ಸೋಪು. ಹುಡುಕಿದರೆ ಎಣ್ಣೆ ಹಾಕದ ಒಂದು ಚೂರೂ ಇಲ್ಲ. ಪಾತ್ರೆ ತೊಳೆಯುವ ಸೋಪಿಗೂ ಸೋಪಣ್ಣ ಲವಂಗದೆಣ್ಣೆ ಬೆರೆಸಿದ್ದ.

"ನಮ್ಮನೇಲಿದೆ!" ಎಂದು ಮೇಷ್ಟ್ರು ಮೆಟ್ಟಿಲು ಹತ್ತಿದರು. ಅವರ ವಯಸ್ಸಿಗೆ ಹಾಗೆ ಓಡಬಾರದು, ಓಡಿದರು. ಪಾತ್ರೆಯ ಸೋಪು, ಒಂದು ಸಾದಾ ಬಿಳಿ ಸೋಪು, ಎರಡು ಟವೆಲ್ಲು ತಂದರು. ತಂದವರು ಸುಮ್ಮನೆ ನಿಲ್ಲಲಿಲ್ಲ. ತೋಳು ಮಡಿಸಿ ನೆಲಕ್ಕೆ ಕೂತು ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಸೋಪಣ್ಣ ನೀರು ಹೊಯ್ದ, ಹೆಂಡತಿ ತೊಳೆದಳು. ನಡುವೆ ಪೈಲ್ವಾನ ಇದ್ದಬದ್ದ ಶಕ್ತಿ ಕೂಡಿಸಿ ಮೈ ಒದರಿದ. ಮೇಷ್ಟ್ರು ಹುಬ್ಬಿನಿಂದ ಕಾಲಿನವರೆಗೆ ತೊಯ್ದು ಹೋದರು.

"ಪರವಾಗಿಲ್ಲ, ಇನ್ನೂ ಒದರೋ ತಾಕತ್ತಿದೆ," ಎಂದರು ಕನ್ನಡಕ ಒರೆಸುತ್ತ. ಆಮೇಲೆ ತಮ್ಮ ಕಾರಿನಲ್ಲೇ ಎಲ್ಲರನ್ನೂ ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರಮ್ಮ ಸೂಜಿ ಚುಚ್ಚಿ, ಡ್ರಿಪ್ಪು ಹಾಕಿ, ರಾತ್ರಿ ಇಲ್ಲೇ ಇರಲಿ ಎಂದರು. ಸೋಪಣ್ಣ ಬಾಗಿಲ ಬಳಿ ತಪ್ಪು ಮಾಡಿದ ಹುಡುಗನ ಹಾಗೆ ನಿಂತಿದ್ದ.

"ಗಿಡದ್ದೇ ಅಲ್ವಾ ಅಂದ್ಕೊಂಡೆ ಡಾಕ್ಟ್ರೇ."

"ಗಿಡದ್ದೇ. ಆದ್ರೆ ಒಂದು ಹೊರೆ ಎಲೆ, ಹೂವು ಹಿಂಡಿ ಇಷ್ಟೇ ಇಷ್ಟು ಬಾಟಲಿಗೆ ಇಳಿಸಿರ್ತಾರೆ. ಅದು ಚರ್ಮದಿಂದಾನೂ ಒಳಗೆ ಹೋಗುತ್ತೆ, ನೆಕ್ಕಿದ್ರೂ ಹೋಗುತ್ತೆ. ನಮ್ಮ ಮೈ ತಡ್ಕೊಳ್ಳೋದನ್ನೆಲ್ಲಾ ನಾಯಿ ಮೈ ತಡ್ಕೊಳ್ಳಲ್ಲ. ಟೀ ಟ್ರೀ ಅಂತೂ ನಾಯಿಗೆ ವಿಷ. ಪೆಪ್ಪರ್‌ಮಿಂಟು, ಲವಂಗ, ದಾಲ್ಚಿನ್ನಿ, ಪೈನು, ವಿಂಟರ್‌ಗ್ರೀನು, ಇವನ್ನೂ ಅವನ ಹತ್ತಿರ ತರ್ಬೇಡಿ."

"ಹಾಗಾದ್ರೆ ಲ್ಯಾವೆಂಡರ್ ವಿಷ್ಯ ಪೂರ್ತಿ ಸುಳ್ಳಾ?" ಮೇಷ್ಟ್ರು ಕೇಳಿದರು.

"ಪೂರ್ತಿ ಸುಳ್ಳಲ್ಲ. ಕೆಲವು ನಾಯಿಗಳಿಗೆ ದೂರದಿಂದ ಬರೋ ತೆಳು ಪರಿಮಳಕ್ಕೆ ಸ್ವಲ್ಪ ಸಮಾಧಾನ ಆಗ್ಬಹುದು. ಕೆಲವಕ್ಕೆ ಏನೂ ಆಗಲ್ಲ, ಕೆಲವಕ್ಕೆ ಅದೇ ಹಿಂಸೆ. ಅದಕ್ಕೇ ಡಾಕ್ಟ್ರನ್ನ ಕೇಳದೆ ಶುರು ಮಾಡ್ಬಾರ್ದು. ಮೈಗೆ ಹಚ್ಬಾರ್ದು, ಬಾಯಿಗೆ ಹಾಕ್ಬಾರ್ದು. ಕೋಣೇಲಿ ಪರಿಮಳ ಇದ್ರೆ ಗಾಳಿ ಆಡ್ಬೇಕು, ಬಾಗಿಲು ತೆಗ್ದಿರ್ಬೇಕು, ಬೇಡ ಅನ್ಸಿದ್ರೆ ಅವನು ಎದ್ದು ಹೋಗೋ ಹಾಗಿರ್ಬೇಕು. ನಿಮಗೆ ವಾಸನೆ ಬರ್ತಿಲ್ಲ ಅಂದ್ರೆ ಅವನಿಗೂ ಬರ್ತಿಲ್ಲ ಅಂತಲ್ಲ. ನಮ್ಮ ಮೂಗಿಗೆ ತಿಳಿಯದೇ ಇರೋದೂ ನಾಯಿ ಮೂಗಿಗೆ ಬಡಿಯುತ್ತೆ."

ಸೋಪಣ್ಣ ತಲೆ ತಗ್ಗಿಸಿದ.

"ಮತ್ತೆ ಹೆದರಿಕೆಗೆ ಏನು ಮಾಡೋದು?" ಹೆಂಡತಿ ಕೇಳಿದಳು.

"ಮೊದ್ಲು ಸದ್ದಿನಿಂದ ದೂರ ಇಡಿ. ಆ ಕಟ್ಟಡದ ಕಡೆಗಿಲ್ಲದ ಕೋಣೆ, ದಪ್ಪ ಪರದೆ, ಅವನ ಹಳೇ ಹಾಸಿಗೆ, ಪಕ್ಕದಲ್ಲಿ ಮನೆಯೋರು ಒಬ್ರು. ಮೆಲ್ಲಗೆ ಏನಾದ್ರೂ ಸಂಗೀತ ಹಾಕಿ. ಬೆಳಿಗ್ಗೆ ಮೆಷಿನ್ ಶುರು ಆಗೋ ಮುಂಚೆ ಚೆನ್ನಾಗಿ ಓಡಾಡಿಸಿ. ಅದಕ್ಕೂ ಬಗ್ಗದಿದ್ರೆ ನಾನು ಮಾತ್ರೆ ಕೊಡ್ತೀನಿ."

"ಅಂಥ ಕೋಣೆ ನಮ್ಮಲ್ಲಿಲ್ಲ," ಎಂದ ಸೋಪಣ್ಣ ಸಣ್ಣ ಧ್ವನಿಯಲ್ಲಿ. "ಗೋದಾಮಿಗೇ ಕಳಿಸ್ಬೇಕೇನೋ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನನ್ನ ಹಿಂದಿನ ಕೋಣೆ ಇದೆ. ಹಗಲು ಹೊತ್ತು ಅಲ್ಲೇ ಇರ್ಲಿ, ನಾನೇ ಪಕ್ಕದಲ್ಲಿ ಕೂತು ಮೆಲ್ಲಗೆ ನುಡಿಸ್ತೀನಿ. ಕೇಳೋಕೆ ಒಬ್ಬರಾದ್ರೂ ಸಿಕ್ಕಿದ ಹಾಗಾಯ್ತು. ಆದ್ರೆ ಜೊತೇಲಿ ಹಾಡೋ ಹಾಗಿಲ್ಲ."

ಮರುದಿನ ಪೈಲ್ವಾನ ತನ್ನ ನಾಲ್ಕು ಕಾಲಿನ ಮೇಲೇ ಮನೆಗೆ ಬಂದ. ಮಹಡಿಯ ಹಿಂದಿನ ಕೋಣೆ ಅವನಿಗೆ ಒಗ್ಗಿತು. ಮೊದಮೊದಲು ಒಂದೆರಡು ಸಲ 'ಊ' ಎಂದ. ಮೇಷ್ಟ್ರು ಕಣ್ಣು ಕೆಂಪಗೆ ಮಾಡಿದರು, ಆದರೆ ನುಡಿಸುವುದನ್ನು ನಿಲ್ಲಿಸಲಿಲ್ಲ. ವಾರ ಮುಗಿಯಿತು. ನಾಯಿ ಹೋಗಬೇಕೆಂಬ ಮಾತನ್ನು ಮೇಷ್ಟ್ರು ಮತ್ತೆ ಎತ್ತಲೇ ಇಲ್ಲ.

ಸೋಪಣ್ಣನ ಕಷ್ಟ ಮಾತ್ರ ಮುಗಿದಿರಲಿಲ್ಲ. ಸಂಜೆ ಕರೆತರಲು ಅವನು ಕೈ ಚಾಚಿಕೊಂಡು ಹೋದರೆ, ಪೈಲ್ವಾನ ಒಮ್ಮೆ ಗಾಳಿ ಮೂಸಿ, ಹಿಂದೆ ಹಿಂದೆ ಸರಿದು ಗೋಡೆಗೆ ಒತ್ತಿಕೊಳ್ಳುತ್ತಿದ್ದ. ಹೆಂಡತಿ ಕರೆದರೆ ಬರುತ್ತಿದ್ದ, ಮೇಷ್ಟ್ರು ಕರೆದರೂ ಬರುತ್ತಿದ್ದ. ಇವನನ್ನು ಕಂಡರೆ ಇಲ್ಲ. ಯಾರನ್ನು ಉಳಿಸಿಕೊಳ್ಳಲು ಇಷ್ಟೆಲ್ಲ ಮಾಡಿದನೋ ಅವನೇ ತನಗೆ ಹೆದರುತ್ತಾನೆ ಎಂದು ಸೋಪಣ್ಣ ಹೆಂಡತಿಯ ಮುಂದೆ ಗೋಳಾಡಿದ.

"ಅವನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ ಕಣ್ರೀ," ಎಂದಳು ಹೆಂಡತಿ. "ನಿಮ್ಮ ಕೈ, ಅಂಗಿ, ಮೀಸೆ, ಎಲ್ಲಾ ಆ ಬಾಟಲೀನೇ ಆಗಿದೆ."

ಅಂದು ಸೋಪಣ್ಣ ಎಣ್ಣೆಯ ಬಾಟಲಿಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಮೇಷ್ಟ್ರ ಮನೆಯ ಸಾದಾ ಸೋಪಿನಲ್ಲಿ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡ. ತಲೆಗೂ ಸ್ನಾನ, ಮೀಸೆಗೂ ಸ್ನಾನ. ಕೆಲಸದ ಅಂಗಿಯನ್ನು ಹೊರಗೇ ಬಿಚ್ಚಿ, ಬೇರೆ ಅಂಗಿ ತೊಟ್ಟು, ಮಹಡಿಗೆ ಹೋಗಿ ನೆಲದ ಮೇಲೆ ಕೂತ. ಕರೆಯಲಿಲ್ಲ. ಕೈಯನ್ನು ಸುಮ್ಮನೆ ನೆಲಕ್ಕೆ ಚಾಚಿ ಇಟ್ಟ.

ಪೈಲ್ವಾನ ಗೋಡೆ ಬಿಟ್ಟು ಕತ್ತು ಚಾಚಿದ. ಬೆರಳು ಮೂಸಿದ, ಅಂಗೈ ಮೂಸಿದ, ಮತ್ತೊಮ್ಮೆ ಮೂಸಿದ. ಆಮೇಲೆ ಒಂದು ಉದ್ದನೆಯ ಉಸಿರು ಬಿಟ್ಟು, ಗದ್ದವನ್ನು ಆ ಅಂಗೈ ಮೇಲೆ ಇಟ್ಟು ಮಲಗಿಬಿಟ್ಟ.

"ತಪ್ಪಾಯ್ತು ಕಣೋ," ಎಂದ ಸೋಪಣ್ಣ. ಅವನ ಕಣ್ಣು ಹನಿಗೂಡಿತ್ತು. ಕೈ ಜೋಮು ಹಿಡಿದರೂ ಬಹಳ ಹೊತ್ತು ಅಲ್ಲಾಡಿಸಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಪೈಲ್ವಾನ ಇರಬಹುದು. ಸದ್ದಿಗೆ ಹೆದರಿದರೆ, ಮೈ ಕೆರೆದುಕೊಂಡರೆ, ಫೋನಿನಲ್ಲಿ ಕಂಡದ್ದನ್ನು ನಂಬಿ ಬಾಟಲಿ ತೆರೆಯಬೇಡಿ. ಸುಗಂಧ ತೈಲವನ್ನು ಅದರ ಮೈಗೆ ಹಚ್ಚಬೇಡಿ, ಕುಡಿಸಬೇಡಿ, ಮುಚ್ಚಿದ ಕೋಣೆಯಲ್ಲಿ ಘಮ ತುಂಬಿ ಕೂಡಿಹಾಕಬೇಡಿ. ಮೊದಲು ಪ್ರಾಣಿ ವೈದ್ಯರನ್ನು ಕೇಳಿ. ಎಣ್ಣೆ ತಾಗಿದ ನಾಯಿ ಜೊಲ್ಲು ಸುರಿಸಿದರೆ, ತೂರಾಡಿದರೆ, ನಡುಗಿದರೆ, ಇದ್ದಕ್ಕಿದ್ದಂತೆ ಮೌನವಾದರೆ, ನಾಳೆ ನೋಡೋಣ ಎನ್ನದೆ ಕೂಡಲೇ ಫೋನು ಮಾಡಿ, ಬಾಟಲಿ ಸಮೇತ ಕರೆದೊಯ್ಯಿರಿ. ತನಗೆ ಏನಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಲು ಅದಕ್ಕೆ ಬರುವುದಿಲ್ಲ. ನಿಮ್ಮ ಕೈಯಿಂದ ಏನು ಕೊಟ್ಟರೂ ಅದು ಬಾಲ ಅಲ್ಲಾಡಿಸುತ್ತಲೇ ತೆಗೆದುಕೊಳ್ಳುತ್ತದೆ. ಕೊಡುವ ಮುನ್ನ ಕೇಳಿ ತಿಳಿದುಕೊಳ್ಳುವ ಕೆಲಸ ನಮ್ಮದು.